ಕೈ ಬೇಡ, ಕಡ್ಡಿ ಬದಲಾಯಿಸಿ

ಎಲ್ಲರಿಗೂ ನಮಸ್ಕಾರ.

ನಮ್ಮ ಸಂಘದ ಪತ್ರಿಕೆಯ ಈ ಸಲದ ಸಂಚಿಕೆಗೆ ನಿಮ್ಮ ಕೈಕೆಲಸದ ಫೋಟೋ ಕಳಿಸಿ ಅಂತ ಕೇಳಿದ್ದೆವು. ಕಸೂತಿ, ಕ್ರೋಶಾ, ಉಲ್ಲನ್ ಹೆಣಿಗೆ, ಮರದ ಕೆತ್ತನೆ, ಕಾಗದದ ಹೂವು, ಏನಾದರೂ ಸರಿ ಅಂದಿದ್ದೆವು. ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಬಂದವು. ಒಳಪುಟಗಳಲ್ಲಿ ಹಾಕಿದ್ದೇವೆ, ನೋಡಿ. ಅಲ್ಲಿ ಹಾಕದೇ ಬಿಟ್ಟಿದ್ದು ಫೋಟೋಗಳ ಜೊತೆ ಬಂದ ಒಕ್ಕಣೆ. "ಸುಮ್ನೆ ಟೈಮ್‌ಪಾಸ್‌ಗೆ ಮಾಡಿದ್ದು." "ಅಂಥಾ ಚೆನ್ನಾಗೇನೂ ಬಂದಿಲ್ಲ, ಜಾಗ ಇದ್ರೆ ಮಾತ್ರ ಹಾಕಿ." "ಎಡಗಡೆ ಮೂಲೆ ಸೊಟ್ಟ ಆಗಿದೆ, ಅಷ್ಟು ಕತ್ತರಿಸಿ ಹಾಕ್ತೀರಾ?" ನಮಗೆ ಕಥೆ, ಕವನ, ಪ್ರವಾಸ ಲೇಖನ ಕಳಿಸುವವರೂ ಇದೇ ಜನ. ಆಗ ಯಾರೂ ಹೀಗೆ ಸಂಕೋಚಪಟ್ಟಿದ್ದು ನೆನಪಿಲ್ಲ. (ಕೆಲವರು ಸ್ವಲ್ಪ ಪಟ್ಟಿದ್ದರೆ ನಮ್ಮ ಕೆಲಸ ಹಗುರವಾಗುತ್ತಿತ್ತು, ಅದಿರಲಿ.)

ಈ ಸಂಕೋಚ ವಿನಯದಿಂದ ಬಂದದ್ದು ಅಂತ ನನಗನ್ನಿಸುವುದಿಲ್ಲ. ಕವನದಲ್ಲಿ ನಾಲ್ಕು ದೊಡ್ಡ ಮಾತಿನ ಹಿಂದೆ ಅಡಗಿಕೊಳ್ಳಬಹುದು. ಟೇಬಲ್ ಮೇಲೆ ಹಾಸಿದ ಬಟ್ಟೆಯಲ್ಲಿ ಅಡಗಲು ಜಾಗವಿಲ್ಲ. ಎಲ್ಲಿ ಆತುರಪಟ್ಟಿರಿ, ಎಲ್ಲಿ ಬೇಜಾರಾಗಿ ಬಿಟ್ಟುಬಿಟ್ಟಿರಿ, ಯಾವ ಬಣ್ಣದ ಮುಂದೆ ಧೈರ್ಯ ಸಾಲಲಿಲ್ಲ, ಎಲ್ಲ ಅಲ್ಲೇ ಕೂತಿರುತ್ತದೆ. ಕೆಲಸದ ಜಾಗದಲ್ಲಿ ನಾವು ಮಾಡುವ ಬಹುಪಾಲು ತೀರ್ಮಾನ ಬೇರೆ ಯಾರದೋ ಆಗಿರುತ್ತದೆ, ತಪ್ಪಾದರೆ ತೋರಿಸಲು ಒಂದು ಈಮೇಲ್ ಆದರೂ ಇರುತ್ತದೆ. ನೀಲಿಯ ಪಕ್ಕ ಸಾಸಿವೆ ಬಣ್ಣ ಇಡು ಅಂತ ನಿಮಗೆ ಯಾರೂ ಹೇಳಿರಲಿಲ್ಲ. ಅದು ಪೂರ್ತಿ ನಿಮ್ಮದೇ. ಅದಕ್ಕೇ ನಾಚಿಕೆ.

ಹೆಣಿಗೆ ಮಾಡುವವರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಯಾಕೆಂದರೆ ಅವರ ಕೆಲಸದಲ್ಲಿ ಇದಕ್ಕೊಂದು ಅಳತೆಯೇ ಇದೆ. ಸ್ವೆಟರಿನ ಯಾವ ಪ್ಯಾಟರ್ನ್ (ಹೇಗೆ ಹೆಣೆಯಬೇಕು ಅನ್ನುವ ವಿವರ) ತೆಗೆದರೂ ಮೊದಲಿಗೇ ಒಂದು ಸಾಲು ಇರುತ್ತದೆ: 4 ಮಿಲಿಮೀಟರ್ ದಪ್ಪದ ಕಡ್ಡಿಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ ಬರಬೇಕು, ಈ ತರಹ. ಅದೇ ಉಲ್ಲನ್, ಅದೇ ಕಡ್ಡಿ ಕೊಟ್ಟು ಇಬ್ಬರನ್ನು ಕೂರಿಸಿ. ಒಬ್ಬರಿಗೆ 22 ಬರುತ್ತದೆ, ಇನ್ನೊಬ್ಬರಿಗೆ 20. ಎರಡು ಕುಣಿಕೆ ಏನು ಮಹಾ ಅಂತೀರಾ? ಸುತ್ತಳತೆಗೆ 220 ಕುಣಿಕೆ ಹಾಕಿದರೆ ಮೊದಲನೆಯವರ ಸ್ವೆಟರ್ 100 ಸೆಂಟಿಮೀಟರ್, ಎರಡನೆಯವರದು 110. ಒಂದು ಮೈಗೆ ಹಿಡಿಯುತ್ತದೆ, ಇನ್ನೊಂದು ಜೋತು ಬೀಳುತ್ತದೆ. ಇಬ್ಬರೂ ತಪ್ಪು ಮಾಡಿಲ್ಲ. ಒಬ್ಬರು ದಾರವನ್ನು ಬಿಗಿಯಾಗಿ ಎಳೆಯುತ್ತಾರೆ, ಒಬ್ಬರು ಸಡಿಲ ಬಿಡುತ್ತಾರೆ, ಅಷ್ಟೇ. ಒಬ್ಬರದೇ ಕೈ ಕೂಡ ಎಲ್ಲ ದಿನ ಒಂದೇ ತರಹ ಇರುವುದಿಲ್ಲ. ತಲೆಬಿಸಿಯಲ್ಲಿ ಹೆಣೆದ ನಾಲ್ಕು ಸಾಲು ಬೆಳಕಿಗೆ ಹಿಡಿದರೆ ಬೇರೆಯೇ ಕಾಣುತ್ತದೆ.

ಇಲ್ಲಿ ನನಗೆ ತುಂಬ ಇಷ್ಟವಾಗುವುದು ಪರಿಹಾರ. ಮೊದಲು ಅಂಗೈ ಅಗಲದ ಒಂದು ತುಂಡು ಹೆಣೆದು, ತೊಳೆದು, ಒಣಗಿಸಿ, ಸ್ಕೇಲ್ ಇಟ್ಟು ಎಣಿಸಬೇಕು. ಕುಣಿಕೆ ಕಡಿಮೆ ಬಂದರೆ "ಇನ್ನು ಮೇಲೆ ಬಿಗಿಯಾಗಿ ಹೆಣಿ" ಅಂತ ಅನುಭವಸ್ಥರು ಹೇಳುವುದಿಲ್ಲ. ಬಲವಂತವಾಗಿ ಬಿಗಿ ಮಾಡಿದ ಕೈ ಹತ್ತು ಸಾಲಿನಲ್ಲಿ ತನ್ನ ಹಳೆಯ ಚಾಳಿಗೆ ವಾಪಸ್ ಬಂದುಬಿಡುತ್ತದೆ, ಆಗ ಸ್ವೆಟರ್ ಅರ್ಧ ಬಿಗಿ ಅರ್ಧ ಸಡಿಲ. ಅವರು ಹೇಳುವುದು ಒಂದೇ ಮಾತು. ಕೈ ಬದಲಾಯಿಸಬೇಡ, ಕಡ್ಡಿ ಬದಲಾಯಿಸು. 4ರ ಬದಲು ಮೂರೂಮುಕ್ಕಾಲು ತೊಗೋ, ಮೂರೂವರೆ ತೊಗೋ, ಇನ್ನೊಂದು ತುಂಡು ಹೆಣೆದು ನೋಡು. ನಿಮ್ಮ ಸ್ವಭಾವವನ್ನು ತಿದ್ದಲು ಹೋಗದೆ ಅದನ್ನು ಅಳೆದು, ಒಪ್ಪಿಕೊಂಡು, ಅದಕ್ಕೆ ಹೊಂದುವ ಸಾಧನ ಹುಡುಕು ಅನ್ನುವ ಇಂಥ ಮೇಷ್ಟ್ರು ಶಾಲೆಯಲ್ಲಿ ನಮಗೆಷ್ಟು ಜನ ಸಿಕ್ಕಿದ್ದರು ಹೇಳಿ.

ಹಾಗಂತ ಕೈಕೆಲಸ ಮನುಷ್ಯನನ್ನು ತಿದ್ದಿ ತೀಡಿ ಒಳ್ಳೆಯವನನ್ನಾಗಿ ಮಾಡುತ್ತದೆ ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. "ಕಸೂತಿ ಕಲಿತರೆ ತಾಳ್ಮೆ ಬರುತ್ತೆ" ಅಂತಾರಲ್ವಾ? ಒಂದು ಎಲೆಯ ಅಂಚು ಸರಿಯಾಗಲಿಲ್ಲ ಅಂತ ಇಡೀ ಸಂಜೆಯ ಕೆಲಸವನ್ನು ಮುಖ ಗಂಟಿಕ್ಕದೆ ಬಿಚ್ಚುವವರನ್ನು ನೋಡಿದ್ದೇನೆ. ಅದೇ ವ್ಯಕ್ತಿ ಮುಂದಿನ ಕಾರು ಎರಡು ಕ್ಷಣ ತಡವಾಗಿ ಹೊರಟರೆ ಹಾರ್ನ್ ಒತ್ತಿ ಹಿಡಿಯುತ್ತಾರೆ. ತಾಳ್ಮೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಗೆಲ್ಲ ಹರಿದು ಹೋಗುವುದಿಲ್ಲ. ಆದರೆ ತನಗೆ ತಾಳ್ಮೆಯೇ ಇಲ್ಲ ಅಂತ ಜೀವನವಿಡೀ ಹೇಳಿಸಿಕೊಂಡು ಬಂದವರಿಗೆ, ಎಲ್ಲಿ ಪ್ರೀತಿಯಿದೆಯೋ ಅಲ್ಲಿ ಅದು ಬೇಕಾದಷ್ಟಿದೆ ಅಂತ ಗೊತ್ತಾಗುತ್ತದಲ್ಲ, ಅದು ದೊಡ್ಡ ಸಂಗತಿ. ನಮ್ಮ ಬಗ್ಗೆ ನಮಗಿರುವ ಎಷ್ಟೋ ಅಭಿಪ್ರಾಯಗಳು ಬೇರೆಯವರಿಂದ ಕೇಳಿ ಕೇಳಿ ಬಂದಂಥವು. ಕೈ ಅವನ್ನು ಕೇಳಿಸಿಕೊಂಡಿರುವುದಿಲ್ಲ.

ಮೇರಿ ಡೆಲಾನಿ ಅನ್ನುವ ಇಂಗ್ಲೆಂಡಿನ ಹೆಂಗಸು ಹುಟ್ಟಿದ್ದು 1700ರಲ್ಲಿ. ಕಸೂತಿ, ಕಪ್ಪೆಚಿಪ್ಪಿನ ಅಲಂಕಾರ, ಚಿತ್ರ, ಹೀಗೆ ಏನಾದರೊಂದು ಅವಳ ಕೈಯಲ್ಲಿ ಯಾವಾಗಲೂ ಇರುತ್ತಿತ್ತು. ಎರಡನೆಯ ಗಂಡ 1768ರಲ್ಲಿ ತೀರಿಕೊಂಡ. ನಾಲ್ಕು ವರ್ಷದ ನಂತರ, 72ನೇ ವಯಸ್ಸಿನಲ್ಲಿ, ಎದುರಿಗಿದ್ದ ಜೆರೇನಿಯಂ ಹೂವಿನ ಬಣ್ಣವೂ ಹತ್ತಿರ ಬಿದ್ದಿದ್ದ ಕೆಂಪು ಕಾಗದದ ಬಣ್ಣವೂ ಒಂದೇ ಆಗಿರುವುದು ಅವಳ ಕಣ್ಣಿಗೆ ಬಿತ್ತು. ಕತ್ತರಿ ತೆಗೆದುಕೊಂಡು ಎಸಳುಗಳನ್ನು ಕತ್ತರಿಸಿದಳು. ಒಳಗೆ ಬಂದ ಗೆಳತಿ ಅದನ್ನು ನಿಜವಾದ ಹೂವು ಅಂದುಕೊಂಡಳಂತೆ. ಅಲ್ಲಿಂದ ಮುಂದೆ ಕಣ್ಣು ಮಂಜಾಗುವ ತನಕ, ಸುಮಾರು ಹತ್ತು ವರ್ಷ, ಅವಳು ನಿಲ್ಲಿಸಲಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಕೂದಲೆಳೆಯಷ್ಟು ಸಣ್ಣ ತುಂಡುಗಳನ್ನೂ ಅಂಟಿಸಿ, ಒಂದೊಂದು ಗಿಡಕ್ಕೆ ಕೆಲವೊಮ್ಮೆ ನೂರಾರು ತುಂಡು, ಹೀಗೆ 985 ಗಿಡಗಳು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಫೋಟೋ ಸಿಕ್ಕಿದರೆ ದೊಡ್ಡದು ಮಾಡಿ ನೋಡಿ. ಎಲೆಯ ನರಕ್ಕೆ ಒಂದು ಹಸಿರು, ಅದರ ನೆರಳಿಗೆ ಇನ್ನೊಂದು, ಎಲೆ ಮಡಿಸಿದ ಜಾಗಕ್ಕೆ ಮೂರನೆಯದು.

"72ರಲ್ಲಿ ಹೊಸ ಜೀವನ ಶುರು" ಅಂತ ಇದನ್ನು ಹೇಳುವ ರೂಢಿ ಇದೆ. ನನಗೆ ಹಾಗೆ ಕಾಣುವುದಿಲ್ಲ. ಸೂಜಿ ಹಿಡಿದು ಬಣ್ಣಕ್ಕೆ ಬಣ್ಣ ಹೊಂದಿಸಿದ ಅರ್ಧ ಶತಮಾನ ಆ ಕತ್ತರಿಯ ಹಿಂದಿತ್ತು. ಅದೆಲ್ಲ ಆಗ ಹೊತ್ತು ಕಳೆಯುವ ಕೆಲಸ ಅಂತಲೇ ಲೆಕ್ಕ. ಆ ಲೆಕ್ಕಕ್ಕೆ ಸಿಗದೆ ಕೂಡಿಟ್ಟದ್ದು ಒಂದು ಕೆಂಪು ಕಾಗದ ಕಂಡಾಗ ಹೊರಬಂತು. ಮಗಳು, ಹೆಂಡತಿ, ವಿಧವೆ ಅನ್ನುವ ಪಾತ್ರಗಳನ್ನು ಅವಳಿಗೆ ಬೇರೆಯವರು ಕೊಟ್ಟಿದ್ದರು. ಈ ಒಂದನ್ನು ಯಾರೂ ಕೊಟ್ಟಿರಲಿಲ್ಲ.

ಇನ್ನೂ ಇಕ್ಕಟ್ಟಿನಲ್ಲಿದ್ದವರ ಕಥೆಯೂ ಇದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 1830ರ ಸುಮಾರಿನ ಒಂದು ಬಟ್ಟೆಯಿದೆ. ಹೂವಿಲ್ಲ, ಬಳ್ಳಿಯಿಲ್ಲ, ಮೇಲಿಂದ ಕೆಳಗೆ ಕೆಂಪು ದಾರದ ಕ್ರಾಸ್ ಸ್ಟಿಚ್ಚಿನಲ್ಲಿ ಬರೀ ಅಕ್ಷರ. ಮನೆಗೆಲಸಕ್ಕಿದ್ದ ಎಲಿಜಬೆತ್ ಪಾರ್ಕರ್ ಅನ್ನುವ ಹುಡುಗಿ ಯಜಮಾನನ ಕ್ರೌರ್ಯವನ್ನೂ ಸಾಯಬೇಕೆನ್ನಿಸಿದ ತನ್ನ ದಿನಗಳನ್ನೂ ಅದರಲ್ಲಿ ಹೊಲಿದಿದ್ದಾಳೆ. ನನಗೆ ಬರೆಯಲು ಬರುವುದಿಲ್ಲವಾದ್ದರಿಂದ ಇದನ್ನು ಹೀಗೆ ಇಡುತ್ತಿದ್ದೇನೆ ಅಂತ ಶುರು ಮಾಡುತ್ತಾಳೆ. ಬರೆಯಲು ಬಾರದವಳು ಅಷ್ಟುದ್ದ ಬರೆದಿದ್ದಾಳೆ! ಬಹುಶಃ ಪೆನ್ನಿನ ಮುಂದೆ ತಾನು ಯಾರೂ ಅಲ್ಲ ಅನ್ನಿಸುತ್ತಿದ್ದವಳಿಗೆ ಸೂಜಿಯ ಮುಂದೆ ಹಾಗನ್ನಿಸಲಿಲ್ಲ. ಇದು ನನ್ನ ಊಹೆ. ಬಟ್ಟೆ ಮಾತ್ರ ವಾಕ್ಯದ ನಡುವೆಯೇ ನಿಂತುಬಿಡುತ್ತದೆ, ಕೆಳಗೆ ಖಾಲಿ ಜಾಗ.

ಇದು ಹೆಂಗಸರ ವಿಷಯ ಅಂತ ಪುಟ ತಿರುಗಿಸುತ್ತಿರುವ ಮಹನೀಯರು ಸ್ವಲ್ಪ ತಡೆಯಿರಿ. ಅಲೆಕ್ಸಿಸ್ ಕಾಸ್ಡಾಗ್ಲಿ ಬ್ರಿಟಿಷ್ ಸೈನ್ಯದ ಮೇಜರ್. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಾಳಾಗಿದ್ದ. ಜೊತೆಯವನೊಬ್ಬ ಕೊಟ್ಟ ಕ್ಯಾನ್ವಾಸ್ ತುಂಡು, ಹಿರಿಯ ಸೇನಾಧಿಕಾರಿಯೊಬ್ಬನ ಹರಿದ ಸ್ವೆಟರಿನಿಂದ ಬಿಚ್ಚಿದ ದಾರ, ಇಷ್ಟರಲ್ಲೇ 1941ರ ಡಿಸೆಂಬರ್‌ನಲ್ಲಿ ಒಂದು ಕಸೂತಿ ಮುಗಿಸಿದ. ನಡುವೆ ತನ್ನ ಹೆಸರು, ತಾರೀಖು. ಸುತ್ತ ಚುಕ್ಕಿ ಮತ್ತು ಗೆರೆಗಳ ಅಂಚು. ನೋಡಿದವರಿಗೆ ಅಲಂಕಾರ, ಚುಕ್ಕಿ ಗೆರೆಗಳಲ್ಲೇ ಅಕ್ಷರ ಬರೆಯುವ ಮೋರ್ಸ್ ಕೋಡ್ ಬಲ್ಲವರಿಗೆ ರಾಜನಿಗೆ ಜೈಕಾರ ಮತ್ತು ಹಿಟ್ಲರ್‌ಗೆ ಈ ಪತ್ರಿಕೆಯಲ್ಲಿ ಅಚ್ಚು ಹಾಕಲಾಗದಂಥ ಬೈಗುಳ. ಕಾವಲಿನವರಿಗೆ ಗೊತ್ತೇ ಆಗಲಿಲ್ಲ, ಚೆನ್ನಾಗಿದೆ ಅಂತ ಕ್ಯಾಂಪಿನಲ್ಲಿ ಪ್ರದರ್ಶನಕ್ಕೂ ಇಟ್ಟರು. ಅಧಿಕಾರ ಹೋಗಿ ಬರೀ ಕೈದಿಯಾಗಿದ್ದಾಗ ಈ ಮನುಷ್ಯನಿಗೆ ತಾನು ಯಾರು ಅಂತ ಹೇಳಿಕೊಳ್ಳಲು ಉಳಿದದ್ದು ಸೂಜಿ ದಾರ.

ಈಗ ನಮ್ಮ ಟೈಮ್‌ಪಾಸ್‌ಗೆ ಬರೋಣ. ಆ ಮಾತು ಹೇಳಲು ಮುಜುಗರವಾದವರು ಇತ್ತೀಚೆಗೆ ಇನ್ನೊಂದನ್ನು ಹಿಡಿದಿದ್ದಾರೆ, ಮನಸ್ಸಿಗೆ ಶಾಂತಿ ಅಂತ. ಸುಳ್ಳಲ್ಲ. 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬೇರೆ ಬೇರೆ ದೇಶಗಳ 3,500ಕ್ಕೂ ಜಾಸ್ತಿ ಹೆಣಿಗೆಯವರನ್ನು ಕೇಳಿದಾಗ, ಹೆಚ್ಚು ಸಲ ಹೆಣೆಯುವವರು ಹೆಚ್ಚು ನಿರಾಳ ಅನ್ನಿಸುತ್ತದೆ ಅಂತ ತಾವೇ ಹೇಳಿದರು. ಸಂತೋಷ. ಆದರೆ ಬಿಪಿ ಮಾತ್ರೆಯ ಬದಲು ಕ್ರೋಶಾ ಅನ್ನುವ ಹಾಗೆ ಮಾತಾಡಿದರೆ ಕೂತು ಮಾಡಿದ ಆ ಹೂವಿನ ವಿಷಯವೇ ಬಿಟ್ಟುಹೋಯಿತು. ಚೆನ್ನಾಗಿ ಆಗಲಿ ಅಂತ ಹಠ ಹಿಡಿದು ಕೂತವರಿಗೆ ಎಷ್ಟೋ ಸಲ ನಿರಾಳವೇ ಇರುವುದಿಲ್ಲ, ಕಣ್ಣುರಿ, ಕುತ್ತಿಗೆ ನೋವು, ನಿದ್ದೆಗೇಡು. ಆದರೂ ಎದ್ದು ಹೋಗುವುದಿಲ್ಲ.

ಇನ್ನು "ಎಷ್ಟು ಚೆನ್ನಾಗಿ ಮಾಡ್ತೀರಿ, ಮಾರಾಟಕ್ಕೆ ಇಡಬಾರದಾ?" ಅನ್ನುವವರು. ಹೊಗಳಿಕೆ ಅಂತಲೇ ಹೇಳುತ್ತಾರೆ ಪಾಪ. 2012ರಲ್ಲಿ ಮೂವರು ಸಂಶೋಧಕರು ಒಂದು ಪ್ರಯೋಗದ ವಿವರ ಪ್ರಕಟಿಸಿದ್ದರು. ಜನರಿಂದ ಕಾಗದ ಮಡಿಸಿ ಕೊಕ್ಕರೆಯಂಥ ಒರಿಗಾಮಿ ಬೊಂಬೆ ಮಾಡಿಸಿ ಅದಕ್ಕೆ ಅವರು ಎಷ್ಟು ಕೊಡುತ್ತಾರೆ ಅಂತ ಕೇಳಿದರು. ಮಾಡಿದವರು ತಮ್ಮ ವಕ್ರ ಕೊಕ್ಕರೆಗೆ ಹೆಚ್ಚುಕಮ್ಮಿ ನುರಿತವರ ಕೊಕ್ಕರೆಯ ಬೆಲೆ ಕಟ್ಟಿದರು. ಮಾಡದೆ ಬರೀ ನೋಡಿದವರಿಗೆ ಅದು ಮುದುಡಿದ ಕಾಗದ. ಮಾರಾಟಕ್ಕಿಟ್ಟ ದಿನ ನಿಮ್ಮ ಮೇಜಿನ ಮುಂದೆ ಬರುವುದು ಈ ಎರಡನೇ ಗುಂಪು. ಅವರು ಬೆಲೆ ಕೇಳಿ ಹುಬ್ಬೇರಿಸಿದರೆ ಅವರ ತಪ್ಪೇನೂ ಇಲ್ಲ, ಆದರೆ ನಿಮಗೆ ಉರಿಯುತ್ತದೆ, ಯಾಕೆಂದರೆ ಚೌಕಾಶಿ ನಡೆದದ್ದು ನಿಮ್ಮ ಜೊತೆಗೇ ಅನ್ನಿಸುತ್ತದೆ. ಮುಂದಿನ ಸಲ ಸಾಸಿವೆ ಬಣ್ಣದ ದಾರ ತೆಗೆಯುವಾಗ "ಇದು ಹೋಗುತ್ತದಾ?" ಅನ್ನುವ ಲೆಕ್ಕ ಬರುತ್ತದೆ. ಅದೇ ಜೀವನೋಪಾಯವಾದವರ ಮಾತು ಬೇರೆ, ಅವರಿಗೆ ನಮಸ್ಕಾರ. ಆದರೆ ಸಂಬಳದ ಕೆಲಸ ಒಂದಿರುವವರು, ಯಾರೂ ಮಾರ್ಕ್ಸ್ ಹಾಕದ ಆ ಒಂದು ಮೂಲೆಯನ್ನೂ ಪರೀಕ್ಷೆಗೆ ಬಿಟ್ಟುಕೊಡುವ ಮುಂಚೆ ಎರಡು ಸಲ ಯೋಚಿಸಲಿ ಅಂತ ನನ್ನ ಸಲಹೆ.

ಉಲ್ಲನ್ ಕೊಳ್ಳುವುದು ಒಂದು ಹವ್ಯಾಸ, ಹೆಣೆಯುವುದು ಇನ್ನೊಂದು. ಎರಡನ್ನೂ ಒಂದೇ ಅಂತ ತಿಳಿದು ಕಪಾಟು ತುಂಬಿಸಿದವರು ನಮ್ಮ ಸಂಘದಲ್ಲಿ ಬಹಳ ಜನ, ಹೆಸರು ಹೇಳುವುದಿಲ್ಲ. ಆದರೆ ಅದೇ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಚೀಲ ಇರುತ್ತದಲ್ಲ, ಅರ್ಧ ಮಾಡಿ ಬಿಟ್ಟದ್ದು, ಅದರ ಬಗ್ಗೆ ಹೇಳಬೇಕು. ಮಗು ಅಂಬೆಗಾಲಿಡುವಾಗ ಶುರು ಮಾಡಿದ ಸ್ವೆಟರ್, ಮಗು ಈಗ ಕಾಲೇಜು. ರೇಷ್ಮೆ ದಾರದ ನವಿಲು, ಕತ್ತಿನವರೆಗೆ. ಆ ಚೀಲ ತೆಗೆದಾಗೆಲ್ಲ ತಪ್ಪಿತಸ್ಥರ ಹಾಗೆ ಮುಖ ಮಾಡುವವರಿದ್ದಾರೆ. ನವಿಲು ಮುಗಿಸಬೇಕೆಂದಿದ್ದ ವ್ಯಕ್ತಿ ಆಗ ಇದ್ದರು, ಈಗ ಇಲ್ಲ, ಅವರ ಬಾಕಿಯನ್ನು ನೀವು ಯಾಕೆ ತೀರಿಸಬೇಕು?

ಸ್ವೆಟರ್ ಆದರೆ ಧೈರ್ಯವಾಗಿ ಬಿಚ್ಚಿ. ಬಿಚ್ಚಿದ ಉಲ್ಲನ್ ಗುಂಗುರು ಗುಂಗುರಾಗಿ ಬರುತ್ತದೆ, ಹೆದರಬೇಡಿ. ಕುರ್ಚಿಯ ಬೆನ್ನಿಗೆ ಸಡಿಲವಾಗಿ ಸುತ್ತಿ, ನಾಲ್ಕು ಕಡೆ ಬೇರೆ ದಾರದಿಂದ ಕಟ್ಟಿ, ತೆಗೆದು, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಹಿಂಡದೆ ತೂಗುಹಾಕಿ. ಒಣಗುವಷ್ಟರಲ್ಲಿ ಬಹುಮಟ್ಟಿಗೆ ನೇರವಾಗಿರುತ್ತದೆ. ನವಿಲನ್ನು ಬಿಚ್ಚಲು ಮನಸ್ಸಿಲ್ಲದವರು ಮುಂದಿನ ಸಭೆಗೆ ತನ್ನಿ, ಅದಲು ಬದಲು ಮಾಡಿಕೊಳ್ಳಲು ಬಾಗಿಲ ಪಕ್ಕ ಒಂದು ಮೇಜು ಹಾಕಿಸುತ್ತೇವೆ. ಒಂದೇ ಷರತ್ತು: ಕೊಟ್ಟ ಮೇಲೆ ತೊಗೊಂಡವರು ನಿಮ್ಮ ನವಿಲಿಗೆ ಕೆಂಪು ರೆಕ್ಕೆ ಹಾಕಿದರೂ ತಕರಾರು ಮಾಡುವ ಹಾಗಿಲ್ಲ.