ಪಕ್ಷಕ್ಕೆ ದುಡ್ಡು ಕೊಟ್ಟವರ ಹೆಸರು ಮತದಾನಕ್ಕೆ ಮೊದಲೇ ಗೊತ್ತಾಗಲಿ

ಬಾಗಲಕೋಟೆ ಕ್ಷೇತ್ರದ ಸಂಸದರಿಗೆ, ಮುಧೋಳ ತಾಲ್ಲೂಕಿನ ಕಬ್ಬು ಬೆಳೆಗಾರನೊಬ್ಬನ ನಮಸ್ಕಾರಗಳು.

2024ರ ಮೇ 7ರಂದು ನಾವು ಮತ ಹಾಕಿದೆವು. ಅದಕ್ಕೂ ಮೊದಲು ಎಲ್ಲ ಪಕ್ಷದವರೂ ಊರಿಗೆ ಬಂದಿದ್ದರು. ಆಲಮಟ್ಟಿ ನೀರು, ಕುಡಚಿ ರೈಲು, ಗ್ಯಾರಂಟಿ ಎಲ್ಲ ಮಾತಾಡಿದರು. ಪಕ್ಷಗಳಿಗೆ ಹೆಸರು ಹೇಳದೆ ದೇಣಿಗೆ ಕೊಡಲು ಮಾಡಿದ್ದ ಚುನಾವಣಾ ಬಾಂಡ್ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ಅದೇ ನನಗೆ ಇವತ್ತಿಗೂ ಬೇಜಾರು.

2018ರಿಂದ ಸ್ಟೇಟ್ ಬ್ಯಾಂಕ್ ಈ ಬಾಂಡ್ ಮಾರಿತು. ಯಾರು ಕೊಂಡರು, ಯಾವ ಪಕ್ಷಕ್ಕೆ ಕೊಟ್ಟರು ಅನ್ನೋದು ಜನರಿಗೆ ಗೊತ್ತಾಗುತ್ತಿರಲಿಲ್ಲ. ಮೊದಲು ಒಂದು ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 7.5ರಷ್ಟು ಮಾತ್ರ ಪಕ್ಷಗಳಿಗೆ ಕೊಡಬಹುದಿತ್ತು. 2017ರಲ್ಲಿ ಆ ಮಿತಿಯನ್ನೂ ತೆಗೆದರು. ಲಾಭವೇ ಇಲ್ಲದ ಕಂಪನಿಯೂ ಕೋಟಿಗಟ್ಟಲೆ ಕೊಡಬಹುದು ಅಂತಾಯಿತು. ಇದು ಯಾರ ದುಡ್ಡು ಅಂತ ಕೇಳಬೇಕಲ್ವಾ?

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಇಡೀ ಯೋಜನೆಯನ್ನೇ ರದ್ದು ಮಾಡಿತು, ಬಾಂಡ್ ಕೊಂಡವರ ಲೆಕ್ಕ ಕೊಡಿ ಅಂತ ಬ್ಯಾಂಕಿಗೆ ಹೇಳಿತು. ಅದಕ್ಕೆ ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳಿತು. ಅಷ್ಟೊತ್ತಿಗೆ ಚುನಾವಣೆಯೇ ಮುಗಿದಿರುತ್ತಿತ್ತು. ಕೋರ್ಟ್ ಒಪ್ಪಲಿಲ್ಲ, ಮರುದಿನವೇ ಕೊಡಿ ಎಂದಿತು. ಪಟ್ಟಿ ಹೊರಬಂದಾಗ ಎಲ್ಲರಿಗಿಂತ ಮೇಲಿದ್ದದ್ದು ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ. ಇ.ಡಿ. (ಜಾರಿ ನಿರ್ದೇಶನಾಲಯ) ತನಿಖೆ ಎದುರಿಸುತ್ತಿದ್ದ ಕಂಪನಿ ಅದು, ಕೊಂಡದ್ದು 1,368 ಕೋಟಿ ರೂಪಾಯಿ ಬಾಂಡ್. ಎಲ್ಲಕ್ಕಿಂತ ಜಾಸ್ತಿ ದುಡ್ಡು ಹೋದದ್ದು ಬಿಜೆಪಿಗೆ. ಕಾಂಗ್ರೆಸ್, ತೃಣಮೂಲ, ಜೆಡಿಎಸ್ ಕೂಡ ತಗೊಂಡಿವೆ. ಹಾಗಾಗಿ ಒಂದು ಪಕ್ಷವನ್ನಷ್ಟೇ ಬೈದು ಸುಮ್ನಾಗೋಕೆ ನನಗೆ ಮನಸ್ಸಿಲ್ಲ.

ಅದೇ ಚುನಾವಣೆ ಹೊತ್ತಿಗೆ ನಾನು ಮಹಾಲಿಂಗಪುರದಲ್ಲಿ ಬೆಲ್ಲ ಮಾರಿ ಬರುತ್ತಿದ್ದೆ. ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸಿದರು. 50,000 ರೂಪಾಯಿಗಿಂತ ಜಾಸ್ತಿ ನಗದು ಇದ್ದರೆ ದಾಖಲೆ ತೋರಿಸಬೇಕಲ್ಲ, ನನ್ನ ಹತ್ತಿರ ಅದಕ್ಕಿಂತ ಜಾಸ್ತಿಯೇ ಇತ್ತು. ದಲ್ಲಾಳಿ ಅಂಗಡಿಯವರು ಕೊಟ್ಟ ಪಟ್ಟಿ ತೋರಿಸಿದೆ. ಎಷ್ಟು ಪೆಂಟೆ, ಏನು ರೇಟು, ಹಮಾಲಿ ಎಷ್ಟು ಅಂತ ಒಂದೊಂದೇ ಓದಿದರು, ನೋಟು ಎಣಿಸಿದರು, ಬಿಟ್ಟರು. ಅವರ ಕೆಲಸ ಅವರು ಮಾಡಿದರು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಬೆಲ್ಲದ ದುಡ್ಡಿಗೆ ಕೇಳಿದ ಪ್ರಶ್ನೆಯನ್ನು ಪಕ್ಷಗಳ ದುಡ್ಡಿಗೆ ಕೇಳಬೇಡಿ ಅಂತ ಕಾನೂನೇ ಮಾಡಿದ್ದರಲ್ಲ, ಅದು ಅನ್ಯಾಯ. ನಮ್ಮೂರ ಗುಡಿ ಗೋಡೆ ಮೇಲೆ 101 ರೂಪಾಯಿ ಕೊಟ್ಟವರ ಹೆಸರೂ ಬರೆಸಿದ್ದೇವೆ.

ಬಾಂಡ್ ಹೋಯಿತು, ಕತ್ತಲೆ ಪೂರ್ತಿ ಹೋಗಿಲ್ಲ. 20,000 ರೂಪಾಯಿ ಮೀರದ ದೇಣಿಗೆಯಾದರೆ ಕೊಟ್ಟವರ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಕೊಡಬೇಕಿಲ್ಲ. ನಮ್ಮ ರಾಜ್ಯದಲ್ಲಿ ಲೋಕಸಭೆಗೆ ನಿಂತ ಅಭ್ಯರ್ಥಿಯ ಖರ್ಚು 95 ಲಕ್ಷ ದಾಟುವಂತಿಲ್ಲ, ಅವರ ಪಕ್ಷ ಎಷ್ಟು ಬೇಕಾದರೂ ಖರ್ಚು ಮಾಡಬಹುದು.

ಶುಕ್ರವಾರ ಮಧ್ಯಾಹ್ನ ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಮಸೂದೆಗೆ, ಅಂದರೆ ಮಂತ್ರಿಯಲ್ಲದ ಸಂಸದರು ತರುವ ಮಸೂದೆಗೆ, ಸಮಯ ಇರುತ್ತದೆ. ಪಕ್ಷದ ಖರ್ಚಿಗೂ ಮಿತಿ ಇರಲಿ, ದೇಣಿಗೆ ಕೊಟ್ಟವರ ಹೆಸರು ಮತದಾನಕ್ಕೆ ಮೊದಲೇ ಹೊರಬರಲಿ ಅಂತ ನೀವೊಂದು ಮಸೂದೆ ತನ್ನಿ. ಪಾಸಾಗುತ್ತೋ ಇಲ್ಲವೋ ಆಮೇಲಿನ ಮಾತು. ತರುತ್ತೀರಾ ಇಲ್ಲವಾ ಅನ್ನೋದನ್ನ ಮುಂದಿನ ಸಲ ಮುಧೋಳಕ್ಕೆ ಬಂದಾಗ ಸಭೆಯಲ್ಲೇ ಹೇಳಿ. ಕೇಳೋಕೆ ನಾವೆಲ್ಲ ಬರುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ