ಎಕ್ಕದ ಜೋಡಿ ಸೋತ ರಾತ್ರಿ: ಮಗಳಿಗೊಂದು ಪತ್ರ

ಮೈಸೂರು
ಮಂಗಳವಾರ ರಾತ್ರಿ

ಪುಟ್ಟಿ,

ನಿನ್ನೆ ಬೆಳಿಗ್ಗೆ ಏಳೂವರೆಗೆ ನಿನ್ನ ಫೋನ್ ಬಂದಾಗ ನಾನು ದೋಸೆ ಹುಯ್ಯುತ್ತಿದ್ದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಗ ರಾತ್ರಿ ಎರಡು ಗಂಟೆ. ಅಂಥ ಹೊತ್ತಲ್ಲಿ ಮಗಳ ಹೆಸರು ಫೋನಿನ ಮೇಲೆ ಕಂಡರೆ ಎದೆ ಧಸಕ್ ಅನ್ನುತ್ತೆ. ನೀನು ಹೇಳಿದ್ದು ಮಾತ್ರ, "ಅಮ್ಮ, ಎಕ್ಕದ ಜೋಡಿ ಇಟ್ಕೊಂಡು ರಾಜನ ಜೋಡಿ ಎದುರು ಸೋತೆ." ದೋಸೆ ಸೀದುಹೋಯಿತು. ಯಾರ ಫೋನು ಅಂತ ನಿಮ್ಮಪ್ಪ ಕೇಳಿದರು. ಪುಟ್ಟಿದು, ಅಸೈನ್‌ಮೆಂಟ್ ಬಗ್ಗೆ ಏನೋ, ಅಂದೆ. ಈ ಸುಳ್ಳಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿನಗೆ ಪೋಕರ್ ಕಲಿಸಿದವಳು ನಾನೇ, ಕೈಯಲ್ಲಿ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ ಇಟ್ಟು ಪಣ ಕಟ್ಟುವ ಇಸ್ಪೀಟಾಟ. ಲಾಕ್‌ಡೌನ್‌ನಲ್ಲಿ ಊಟದ ಮೇಜಿನ ಮೇಲೆ ಹುಣಸೆಬೀಜ ಹಂಚಿಕೊಂಡು ಆಡಿದ್ದೆವಲ್ಲ. ಹಾಗಾಗಿ ಬೈಯುವ ಹಕ್ಕು ನನಗಿಲ್ಲ. ಲೆಕ್ಕ ಹೇಳುವ ಹಕ್ಕು ಇದೆ. ಲೆಕ್ಕ ಫೋನಿನಲ್ಲಿ ತಲೆಗೆ ಹತ್ತಲ್ಲ, ಅದಕ್ಕೇ ಈ ಪತ್ರ.

ಮೊದಲು ಆ ಎಕ್ಕದ ಕಥೆ ಮುಗಿಸೋಣ. ಎಕ್ಕದ ಜೋಡಿಯೂ ರಾಜನ ಜೋಡಿಯೂ ಶುರುವಿನಲ್ಲೇ ಆಲ್-ಇನ್ ಆದರೆ, ಅಂದರೆ ಇದ್ದ ಚಿಪ್ಸ್ (ಆಟದ ಬಿಲ್ಲೆ) ಎಲ್ಲ ಪಣಕ್ಕಿಟ್ಟರೆ, ಎಕ್ಕ ಗೆಲ್ಲೋದು ನೂರಕ್ಕೆ ಸುಮಾರು 82 ಸಲ. ಉಳಿದ 18 ಸಲದಲ್ಲಿ ನಿನ್ನೆಯದೂ ಒಂದು. ಸೈಟ್‌ನವರು ಮೋಸ ಮಾಡ್ತಾರೆ ಅಂದೆ ನೀನು. ಒಂದು ಸಲ ಎಲೆ ಹಂಚಿ ಆಡಿ ಮುಗಿಸಿದರೆ ಒಂದು ಕೈ; ಎಕ್ಕದ ಜೋಡಿ 221 ಕೈಗೆ ಒಂದು ಸಲ ಬರುತ್ತೆ. ಎದುರೆದುರು ಕೂತು ಆಡುವಾಗ ಗಂಟೆಗೆ ಇಪ್ಪತ್ತೈದು ಮೂವತ್ತು ಕೈ ಆದರೆ ಹೆಚ್ಚು. ಆನ್‌ಲೈನ್‌ನಲ್ಲಿ ಅದರ ಎರಡು ಪಟ್ಟು, ಎರಡು ಟೇಬಲ್ ತೆರೆದುಕೊಂಡರೆ ನಾಲ್ಕು ಪಟ್ಟು. ಎಕ್ಕ ಬರೋದೂ ಜಾಸ್ತಿ, ಎಕ್ಕ ಮುರಿಯೋದೂ ಜಾಸ್ತಿ. ಆ ಕೈಯಲ್ಲಿ ನಿನ್ನ ತಪ್ಪು ಒಂದು ಚೂರೂ ಇಲ್ಲ. ನಾಳೆ ಅದೇ ಕೈ ಬಂದರೆ ಹಾಗೇ ಆಡು.

ನಿನ್ನ ತಪ್ಪು ಇದ್ದದ್ದು ನೀನು ಗೆದ್ದ ಕೈಯಲ್ಲಿ.

ಮಾತಿನ ನಡುವೆ ಖುಷಿಯಿಂದ ಹೇಳಿದೆಯಲ್ಲ. ಟೂರ್ನಮೆಂಟಿನಲ್ಲಿ ಕೊನೆಗೆ ಉಳಿಯುವ 51 ಜನಕ್ಕೆ ದುಡ್ಡು, ಆಗ ಇನ್ನೂ 53 ಜನ ಉಳಿದಿದ್ದರು. ಟೇಬಲ್ಲಿನಲ್ಲೇ ಎಲ್ಲರಿಗಿಂತ ಜಾಸ್ತಿ ಚಿಪ್ಸ್ ಇದ್ದವನು ಆಲ್-ಇನ್ ಅಂದ. ಎಕ್ಕ-ಗುಲಾಮ ಹಿಡಿದು ನೀನು ಕಾಲ್ ಮಾಡಿದೆ, ಅಂದರೆ ಅವನ ಪಣಕ್ಕೆ ಸಮನಾಗಿ ಚಿಪ್ಸ್ ಒಡ್ಡಿದೆ. ಅವನ ಹತ್ತಿರ ಎಂಟರ ಜೋಡಿ. ಮೇಜಿನ ಮೇಲೆ ಗುಲಾಮ ಬಂತು, ಗೆದ್ದೆ. ಅದು ಹತ್ತಿರ ಹತ್ತಿರ ನಾಣ್ಯ ಚಿಮ್ಮಿದ ಹಾಗೆ, ನಿನ್ನ ಕಡೆ ಸ್ವಲ್ಪ ಕಮ್ಮಿಯೇ. ನಿನ್ನ ಟೇಬಲ್ಲಿನಲ್ಲೇ ಮೂರು ಜನ ನಿನಗಿಂತ ಕಡಿಮೆ ಚಿಪ್ಸ್ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೂತಿದ್ದರು. ನೀನು ಸುಮ್ನೆ ಎಲೆ ಬಿಸಾಡಿ ಫೋಲ್ಡ್ ಮಾಡಿದ್ದರೂ ಅವರಲ್ಲಿ ಯಾರೋ ಇಬ್ಬರು ಉದುರುತ್ತಿದ್ದರು.

ಟೂರ್ನಮೆಂಟಿನಲ್ಲಿ ಚಿಪ್ಸ್ ಬೇರೆ, ದುಡ್ಡು ಬೇರೆ. ಇದನ್ನು ಒಂದು ಸಣ್ಣ ಲೆಕ್ಕದಲ್ಲಿ ತೋರಿಸ್ತೀನಿ, ಪೆನ್ನು ತಗೋ. ಮೂರೇ ಜನ ಉಳಿದಿದ್ದಾರೆ ಅಂದುಕೋ. ಬಹುಮಾನ ಒಟ್ಟು 100 ಪೌಂಡ್: ಮೊದಲನೆಯವರಿಗೆ 50, ಎರಡನೆಯವರಿಗೆ 30, ಮೂರನೆಯವರಿಗೆ 20. ಒಬ್ಬನ ಹತ್ತಿರ 5,000 ಚಿಪ್ಸ್, ನಿನ್ನ ಹತ್ತಿರ 3,000, ಇನ್ನೊಬ್ಬಳ ಹತ್ತಿರ 2,000. ಅರ್ಧ ಚಿಪ್ಸ್ ಇದ್ದವನಿಗೆ 50 ಪೌಂಡ್ ಸೇರಿದ್ದು ಅನ್ನಿಸುತ್ತೆ, ಅಲ್ವಾ? ಐಸಿಎಂ ಅನ್ನೋ ಲೆಕ್ಕ ಇದೆ. ಯಾರು ಮೊದಲು, ಯಾರು ಎರಡನೆಯದು, ಯಾರು ಮೂರನೆಯದು ಬರಬಹುದು ಅನ್ನೋ ಸಾಧ್ಯತೆಯನ್ನು ಚಿಪ್ಸ್ ನೋಡಿ ತೆಗೆದು, ಬಹುಮಾನದಿಂದ ಗುಣಿಸಿ ಕೂಡಿಸೋದು. ಅದರ ಪ್ರಕಾರ ಅವನ ಚಿಪ್ಸ್‌ಗೆ ಬೆಲೆ 38.39 ಪೌಂಡ್ ಅಷ್ಟೇ. ನಿನ್ನದು 32.75. ಬಡಪಾಯಿ 2,000ದವಳದು 28.86.

ಈಗ ಆ 5,000ದವನು ಆಲ್-ಇನ್ ಅಂತಾನೆ. ಬ್ಲೈಂಡ್ (ಎಲೆ ನೋಡೋ ಮುಂಚೆಯೇ ಸರದಿ ಪ್ರಕಾರ ಕಟ್ಟಲೇಬೇಕಾದ ಚಿಪ್ಸ್) ವಿಷಯ ಸದ್ಯಕ್ಕೆ ಬಿಡು. ನೀನು ಕಾಲ್ ಮಾಡಿ ಗೆದ್ದರೆ ನಿನ್ನ ಹತ್ತಿರ 6,000 ಚಿಪ್ಸ್, ಉಳಿದವರ ಹತ್ತಿರ ಎರಡೆರಡು ಸಾವಿರ. ನಿನ್ನ ಬೆಲೆ 41 ಪೌಂಡ್ ಆಗುತ್ತೆ. ಸೋತರೆ ಮೂರನೇ ಸ್ಥಾನ, 20 ಪೌಂಡ್ ಹಿಡಿದು ಮನೆಗೆ. ಗೆದ್ದರೆ ಬರೋದು 8.25, ಸೋತರೆ ಹೋಗೋದು 12.75. ಚಿಪ್ಸ್ ಮಾತ್ರ ಎರಡು ಕಡೆಯೂ ಅದೇ 3,000! ಹಾಗಾಗಿ ಈ ಕಾಲ್ ಗಿಟ್ಟಬೇಕಾದರೆ ನೂರಕ್ಕೆ 61 ಸಲ ಗೆಲ್ಲುವಂಥ ಕೈ ಬೇಕು. ಎಂಟರ ಜೋಡಿ ಎದುರು ಎಕ್ಕ-ಗುಲಾಮ ಗೆಲ್ಲೋದು 45ರ ಸುತ್ತಮುತ್ತ.

ಅವನ ಕೈ ನಿನಗೆ ಕಾಣಿಸ್ತಿರಲಿಲ್ಲ, ನಿಜ. ಏನೇನೋ ಕಸ ಹಿಡಿದೂ ಅವನು ಆಲ್-ಇನ್ ಅಂದಿರಬಹುದು, ದುಡ್ಡಿನ ಅಂಚಿನಲ್ಲಿ ಚಿಪ್ಸ್ ಜಾಸ್ತಿ ಇರೋರು ಹಾಗೇ ಹೆದರಿಸೋದು. ಆದರೂ ಅಲ್ಲಿ ಹೆದರಿಸುವವಳಾಗು, ಕಾಲ್ ಮಾಡುವವಳಾಗಬೇಡ. ನೀನೇ ಮೊದಲು ಆಲ್-ಇನ್ ಅಂದರೆ ಎದುರಿನವರು ಕೈಬಿಟ್ಟು ಗೆಲ್ಲುವ ದಾರಿಯೂ ಒಂದಿರುತ್ತೆ. ಕಾಲ್ ಮಾಡಿದವಳಿಗೆ ಎಲೆ ಬಿಟ್ಟರೆ ಬೇರೆ ದಾರಿ ಇಲ್ಲ.

ಇನ್ನು ಬರೋ ಭಾನುವಾರ ಆಡ್ತೀನಿ ಅಂದೆಯಲ್ಲ, ಆ 55 ಪೌಂಡಿನ ಆಟ. ನಿನ್ನ ಹತ್ತಿರ ಇದಕ್ಕೆ ಅಂತ ಎತ್ತಿಟ್ಟದ್ದು 400 ಪೌಂಡ್. 55 ಅಂದರೆ ಅದರಲ್ಲಿ ನೂರಕ್ಕೆ ಹದಿನಾಲ್ಕು ಪಾಲು, ಒಂದೇ ರಾತ್ರಿಗೆ. ಕ್ರಿಸ್ ಫರ್ಗುಸನ್ ಅಂತ 2000ದ ವಿಶ್ವ ಚಾಂಪಿಯನ್ ಒಬ್ಬನಿದ್ದಾನೆ. ಒಂದು ಪೈಸೆ ಹಾಕದೆ, ಪುಕ್ಕಟೆ ಟೂರ್ನಮೆಂಟಿನಿಂದ ಶುರು ಮಾಡಿ 10,000 ಡಾಲರ್ ಮಾಡಿ ತೋರಿಸ್ತೀನಿ ಅಂತ ಹೊರಟು, ಒಂದು ವರ್ಷಕ್ಕೂ ಜಾಸ್ತಿ ಹಿಡಿದು ಮಾಡಿಯೂ ತೋರಿಸಿದ. ದೊಡ್ಡ ಟೂರ್ನಮೆಂಟಿಗೆ ಅವನು ಇಟ್ಟುಕೊಂಡ ನಿಯಮ: ಕೈಯಲ್ಲಿರೋ ಗಂಟಿನ 2% ದಾಟಬಾರದು. ನಿನ್ನ ಲೆಕ್ಕದಲ್ಲಿ ಅದು 8 ಪೌಂಡ್. ಅಂದರೆ ನೀನು ನಿನ್ನೆ ಆಡಿದ 11 ಪೌಂಡಿನದೇ ದುಬಾರಿ. ಆ 11ರಲ್ಲಿ 1 ಪೌಂಡ್ ಸೈಟಿನವರ ಕಮಿಷನ್, ಅದು ಬಹುಮಾನಕ್ಕೆ ಸೇರಲ್ಲ ಅನ್ನೋದೂ ನೆನಪಿರಲಿ.

ಯಾಕಿಷ್ಟು ಜಿಪುಣತನ ಅಂತೀಯ. ನೂರು ಜನ ಆಡಿದರೆ ದುಡ್ಡು ಸಿಗೋದು ಹತ್ತು ಹದಿನೈದು ಜನಕ್ಕೆ. ನೀನು ಬೇರೆಯವರಿಗಿಂತ ಚೆನ್ನಾಗಿ ಆಡ್ತೀಯ, ನೂರರಲ್ಲಿ 18 ಸಲ ದುಡ್ಡು ಮುಟ್ಟುತ್ತೀಯ ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ದರೂ ಒಂದು ಆಟದಲ್ಲಿ ಬರಿಗೈ ಆಗೋ ಸಾಧ್ಯತೆ 0.82. ಅದನ್ನು ಹತ್ತು ಸಲ ಗುಣಿಸು: 0.137. ಸಾಲಾಗಿ ಹತ್ತು ಆಟ ಬರಿಗೈ ಆಗೋದು ಏಳರಲ್ಲಿ ಒಂದು ಸಾಧ್ಯತೆ, ಅದೂ ಚೆನ್ನಾಗಿ ಆಡುವವಳಿಗೆ. ಹತ್ತು ಸಲ 55 ಅಂದರೆ 550. ನಿನ್ನ ಗಂಟು ಏಳನೇ ಆಟಕ್ಕೇ ಮುಗಿದಿರುತ್ತೆ. ಇನ್ನೊಂದು, ಮುಟ್ಟಿದ ಆ 18ರಲ್ಲೂ ಮುಕ್ಕಾಲು ಸಲ ಸಿಗೋದು ಹಾಕಿದ್ದಕ್ಕಿಂತ ಚೂರು ಜಾಸ್ತಿ. ದೊಡ್ಡ ದುಡ್ಡೆಲ್ಲ ಮೊದಲ ಮೂರು ಜಾಗದಲ್ಲಿ ಇರುತ್ತೆ.

ಕ್ರಿಸ್ ಮನಿಮೇಕರ್ ಅನ್ನೋ ಪೋಕರ್ ಆಟಗಾರನ ಕಥೆ ಹೇಳಿದೆ ನೀನು. ಹೌದು, 2003ರಲ್ಲಿ 86 ಡಾಲರಿನ ಆನ್‌ಲೈನ್ ಸ್ಯಾಟಲೈಟ್ (ದೊಡ್ಡ ಆಟದ ಟಿಕೆಟ್ ಗೆಲ್ಲೋಕೆ ಆಡೋ ಸಣ್ಣ ಆಟ) ಇಂದ ಶುರು ಮಾಡಿ, 10,000 ಡಾಲರಿನ ಟಿಕೆಟ್ ಹಿಡಿದು ಲಾಸ್ ವೇಗಸ್‌ಗೆ ಹೋಗಿ, 839 ಜನರ ನಡುವೆ 25 ಲಕ್ಷ ಡಾಲರ್ ಗೆದ್ದ. ಅವನೂ ನನ್ನ ಹಾಗೆ ಲೆಕ್ಕ ಬರೆಯುವವನು, ಟೆನೆಸ್ಸಿಯಲ್ಲಿ ಅಕೌಂಟೆಂಟ್. ನನಗೆ ಇಷ್ಟವಾಗೋ ಭಾಗ ಬೇರೆ. ಹೊರಡೋ ಮುಂಚೆಯೇ ಅವನು ತನ್ನ ಗೆಲುವಿನಲ್ಲಿ ಪಾಲು ಅಂತ ಅಪ್ಪನಿಗೂ ಒಬ್ಬ ಗೆಳೆಯನಿಗೂ ಮಾರಿ ದುಡ್ಡು ಮಾಡಿಕೊಂಡಿದ್ದ. ಗೆದ್ದ ಮೇಲೆ ಹೊಟ್ಟೆ ಉರಿದಿರಬಹುದು. ಆದರೂ ಅದು ಸರಿಯಾದ ವ್ಯಾಪಾರವೇ.

ಅದಕ್ಕೇ ಹೇಳ್ತೀನಿ, 55ರ ಆಟ ಆಡಲೇಬೇಕು ಅನ್ನಿಸಿದರೆ 5.50ರ ಸ್ಯಾಟಲೈಟ್ ಆಡು. ಐವತ್ತು ಪೆನ್ಸ್ ಕಮಿಷನ್ ಕಳೆದರೆ ಹನ್ನೊಂದು ಜನಕ್ಕೊಂದು ಟಿಕೆಟ್ ಬೀಳುತ್ತೆ. ಅಲ್ಲಿ ಆಟದ ರೀತಿಯೇ ಬೇರೆ. ಐದು ಟಿಕೆಟ್ ಇದ್ದರೆ ಮೊದಲನೆಯವನಿಗೂ ಐದನೆಯವನಿಗೂ ಸಿಗೋದು ಅದೇ ಟಿಕೆಟ್. ಆರು ಜನ ಉಳಿದಿದ್ದಾರೆ, ನಿನ್ನ ಹತ್ತಿರ ಬೇಕಾದಷ್ಟು ಚಿಪ್ಸ್ ಇದೆ, ಒಬ್ಬ ಇನ್ನೇನು ಬ್ಲೈಂಡ್ ಕಟ್ಟಿಯೇ ಖಾಲಿಯಾಗ್ತಾನೆ. ಆಗ ನಿನಗಿಂತ ಜಾಸ್ತಿ ಚಿಪ್ಸ್ ಇರೋನೊಬ್ಬ ಆಲ್-ಇನ್ ಅಂದ, ನಿನ್ನ ಕೈಯಲ್ಲಿ ಎಕ್ಕದ ಜೋಡಿ. ಬಿಸಾಡಬೇಕು ಪುಟ್ಟಿ! ಎಕ್ಕದ ಜೋಡಿಯನ್ನೇ ಮುಖ ಕೆಳಗೆ ಮಾಡಿ ಬಿಸಾಡಬೇಕು. ಗೆದ್ದರೆ ಎರಡನೇ ಟಿಕೆಟ್ ಯಾರೂ ಕೊಡಲ್ಲ. ನಾನು ಒಂದು ಸಲ ಹಾಗೆ ಬಿಸಾಡಿದ್ದೀನಿ. ಬೆರಳು ನಡುಗಿತ್ತು.

ಈಗ ಆ ಸುಳ್ಳಿನ ವಿಷಯ. 2020ರ ಒಂದು ರಾತ್ರಿ ನಾನು 2,200 ರೂಪಾಯಿಯ ಟೂರ್ನಮೆಂಟ್ ಆಡಲು ಕೂತೆ. ಎಲ್ಲರೂ ಮಲಗಿದ್ದರು. ಬೇಗ ಔಟಾದೆ. ಪರದೆ ಮೇಲೆ "ರಿ-ಎಂಟ್ರಿ" ಅಂತ ಹಸಿರು ಬಟನ್, ಅಷ್ಟೇ ದುಡ್ಡು ಮತ್ತೆ ಕಟ್ಟಿ ಒಳಗೆ ಬರೋಕೆ. ಒತ್ತಿದೆ. ಮತ್ತೆ ಔಟ್, ಮತ್ತೆ ಒತ್ತಿದೆ. ನಾವು ಆಡುವಾಗ ಹುಣಸೆಬೀಜ ಖಾಲಿಯಾದರೆ ಅಡುಗೆಮನೆಗೆ ಹೋಗಿ ಡಬ್ಬದಿಂದ ತರುತ್ತಿದ್ದೆವಲ್ಲ, ಹಾಗೇ. ನಾಲ್ಕು ಸಲ ಒತ್ತಿದೆ. 11,000 ಆಯಿತು. ಕಳೆದದ್ದನ್ನು ಒಂದೇ ಏಟಿಗೆ ವಾಪಸ್ ತರ್ತೀನಿ ಅಂತ 3,300ರ ಆಟಕ್ಕೆ ಹಾರಿದೆ. ಅದೂ ಹೋಯಿತು. ತಲೆ ಕೆಟ್ಟು ಆಡೋದಕ್ಕೆ ಟಿಲ್ಟ್ ಅಂತಾರೆ. ಆ ಹೊತ್ತಿನಲ್ಲಿ ನನಗೆ ಟಿಲ್ಟ್ ಆಗಿದೆ ಅಂತ ಅನ್ನಿಸಿರಲೇ ಇಲ್ಲ, ಬಹಳ ಸಮಾಧಾನವಾಗಿ ಯೋಚಿಸ್ತಿದ್ದೀನಿ ಅಂದುಕೊಂಡಿದ್ದೆ.

ಬೆಳಿಗ್ಗೆ ಮನೆಖರ್ಚಿನ ಪುಸ್ತಕದಲ್ಲಿ "ಸಂಪ್ ರಿಪೇರಿ, 14,300" ಅಂತ ಬರೆದೆ. ಇಪ್ಪತ್ತೆಂಟು ವರ್ಷ ಊರವರ ಲೆಕ್ಕ ಬರೆದವಳು, ಜೀವನದಲ್ಲಿ ಮೊದಲ ಸಲ ಸುಳ್ಳು ಎಂಟ್ರಿ ಹಾಕಿದೆ, ಅದೂ ನನ್ನ ಮನೆ ಪುಸ್ತಕದಲ್ಲಿ. ಹದಿನಾಲ್ಕು ಸಾವಿರ ಹೋದದ್ದಕ್ಕಿಂತ ಆ ಸಾಲು ನನ್ನನ್ನು ಜಾಸ್ತಿ ಕಾಡಿತು. ಆಮೇಲಿಂದ ಪ್ರತಿ ಆಟವನ್ನೂ ಬರೆದಿಡಲು ಶುರು ಮಾಡಿದೆ: ಹಾಕಿದ್ದೆಷ್ಟು, ರಿ-ಎಂಟ್ರಿ ಎಷ್ಟು, ಎಷ್ಟನೇ ಸ್ಥಾನ, ಮಲಗಿದ್ದು ಎಷ್ಟು ಗಂಟೆಗೆ. ಆ ಕೊನೇ ಕಾಲಮ್ಮೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು. ಹನ್ನೆರಡೂವರೆ ದಾಟಿದ ಮೇಲಿನ ನನ್ನ ಆಟಗಳೆಲ್ಲ ಕೆಂಪು ಕೆಂಪು. ನಿನಗೆ ಸೋಮವಾರ ಒಂಬತ್ತಕ್ಕೆ ಕ್ಲಾಸ್ ಅಲ್ವಾ? ನೀನೂ ಒಂದು ಪುಸ್ತಕ ತಗೋ. ಟೂರ್ನಮೆಂಟಿನ ಬೆಲೆ 11 ಅಂತ ಬರೀಬೇಡ, ಎರಡು ಸಲ ರಿ-ಎಂಟ್ರಿ ಆದರೆ 33 ಅಂತ ಬರಿ.

ದುಡ್ಡು ಎಲ್ಲಿಟ್ಟಿದ್ದೀಯ ಅನ್ನೋದೂ ಒಂದು ರಿಸ್ಕ್. ಗೆದ್ದದ್ದನ್ನೆಲ್ಲ ಸೈಟಿನಲ್ಲೇ ಬಿಡಬೇಡ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಮೂರು ದೊಡ್ಡ ಪೋಕರ್ ಸೈಟುಗಳ ಮೇಲೆ ಕೇಸು ಹಾಕಿತು. ಅವುಗಳಲ್ಲಿ ಒಂದಾದ ಫುಲ್ ಟಿಲ್ಟ್ ಆಟಗಾರರ ದುಡ್ಡನ್ನು ಬೇರೆ ಎತ್ತಿಟ್ಟಿರಲೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಜನ ವರ್ಷಗಟ್ಟಲೆ ಕಾದರು. 2% ನಿಯಮದ ಫರ್ಗುಸನ್ ಹೇಳಿದೆನಲ್ಲ, ಅವನೂ ಆ ಕಂಪನಿ ಕಟ್ಟಿದವರಲ್ಲಿ ಒಬ್ಬ. ಏನು ಹೇಳೋಣ! ಬ್ರಿಟನ್ನಿನಲ್ಲಿ ಪರವಾನಗಿ ಇರುವವರು ದಿವಾಳಿಯಾದರೆ ನಿನ್ನ ದುಡ್ಡಿಗೆ ಎಷ್ಟು ರಕ್ಷಣೆ ಅಂತ ನಿಯಮಗಳಲ್ಲಿ ಬರೆಯಲೇಬೇಕು. ಓದು. ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡೋದನ್ನು ಅಲ್ಲಿ 2020ರಲ್ಲೇ ನಿಲ್ಲಿಸಿದ್ದಾರೆ, ಒಳ್ಳೆಯದಾಯಿತು. ವಾರಕ್ಕೆ ಇಷ್ಟೇ ಅಂತ ಡೆಪಾಸಿಟ್ ಮಿತಿಯನ್ನು ಇವತ್ತೇ ಹಾಕಿಕೋ, ಸೋತ ರಾತ್ರಿ ಹಾಕೋಕೆ ಮನಸ್ಸು ಬರಲ್ಲ. ಕೈಮೀರುತ್ತಿದೆ ಅನ್ನಿಸಿದರೆ ಗ್ಯಾಮ್‌ಸ್ಟಾಪ್ ಇದೆ. ಹೆಸರು ಕೊಟ್ಟರೆ ಅಲ್ಲಿನ ಪರವಾನಗಿ ಸೈಟುಗಳೆಲ್ಲ ಕನಿಷ್ಠ ಆರು ತಿಂಗಳು ಬಾಗಿಲು ಹಾಕುತ್ತವೆ, ನಡುವೆ ಮನಸ್ಸು ಬದಲಾದರೂ ತೆಗೆಯಲ್ಲ.

ಡಿಸೆಂಬರ್‌ನಲ್ಲಿ ಮನೆಗೆ ಬಂದಾಗ ಮಾತ್ರ ಲಾಗಿನ್ ಆಗಬೇಡ. ಇಲ್ಲಿ 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ತೆಗೆದುಹಾಕಿತು. 2023ರ ಅಕ್ಟೋಬರ್‌ನಿಂದ ಕಟ್ಟುವ ದುಡ್ಡಿಗೆ 28% ಜಿಎಸ್‌ಟಿ ಬಂತು. ಆವತ್ತೇ ನಾನು ಪುಸ್ತಕ ಮುಚ್ಚಿದೆ, ಅಷ್ಟು ತೆರಿಗೆ ಮೀರಿಸಿ ಗೆಲ್ಲುವ ಕೈ ನನ್ನದಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿನ ಆನ್‌ಲೈನ್ ಆಟಗಳೇ ಬಂದ್ ಆದವು, ಕೌಶಲವೋ ಅದೃಷ್ಟವೋ ಅನ್ನೋ ಭೇದವನ್ನೂ ಆ ಕಾನೂನು ಇಟ್ಟುಕೊಂಡಿಲ್ಲ. ಇಲ್ಲಿ ನಮಗೆ ಹುಣಸೆಬೀಜ ಸಾಕು.

ಪತ್ರ ಬರೆಯೋಕೆ ಕೂತಾಗ ಹಳೇ ಪುಸ್ತಕ ತೆಗೆದೆ. ಆ ಎಂಟ್ರಿ ಹೊಡೆದುಹಾಕಿ, ಕೆಂಪು ಇಂಕಿನಲ್ಲಿ "ಪೋಕರ್, 14,300" ಅಂತ ಬರೆದು ಸಹಿ ಮಾಡಿದೆ. ತಲೆ ಎತ್ತಿದರೆ ನಿಮ್ಮಪ್ಪ ಹಿಂದೆಯೇ ನಿಂತಿದ್ದಾರೆ, ಕನ್ನಡಕ ಹಣೆ ಮೇಲೆ ಏರಿಸಿಕೊಂಡು. ನಾನು ಎಲ್ಲ ಹೇಳಿದೆ, ನಿನ್ನ ಫೋನಿನದೂ ಸೇರಿಸಿ. ಕೋಪ ಬರುತ್ತೆ ಅಂದುಕೊಂಡಿದ್ದೆ. ಅವರು ಒಂದು ನಿಮಿಷ ಆ ಸಾಲು ನೋಡಿ, "ನಾನೂ ಇಷ್ಟು ವರ್ಷ ಯೋಚಿಸ್ತಿದ್ದೆ, ಹದಿನಾಲ್ಕು ಸಾವಿರ ಕೊಟ್ಟರೂ ಸಂಪ್ ಯಾಕೆ ಇನ್ನೂ ಸೋರ್ತಿದೆ ಅಂತ" ಅಂದರು.

ನಿನ್ನ ಅಮ್ಮ