ದೋಷವೇ ಇಲ್ಲ ಎಂದು ನೀವು ಬರೆದುಕೊಟ್ಟ ಟೇಬಲ್ ಸಾ: ಕೊನೆಯ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ. ನಿನ್ನೆ ಸಂಜೆ ನಿಮ್ಮಿಂದ ಮೆಸೇಜ್ ಬಂತು. "ನಿಮ್ಮ ದೂರು ಪರಿಹಾರವಾಗಿದೆ, 5 ಸ್ಟಾರ್ ಕೊಡಿ" ಅಂತ. ಆಗ ನಾನು ನಿಮ್ಮ ಟೇಬಲ್ ಸಾ, ಅಂದರೆ ಮರ ಕೊಯ್ಯುವ ಯಂತ್ರದ ಮುಂದೆಯೇ ನಿಂತಿದ್ದೆ. ಬಟನ್ ಒತ್ತಿದರೆ ಗುಂಯ್ ಅನ್ನುತ್ತಿತ್ತು, ಬ್ಲೇಡ್ ಅಲ್ಲಾಡುತ್ತಿರಲಿಲ್ಲ. ಎಂಟು ಸಲ ಫೋನ್ ಮಾಡಿ ಆಯ್ತು, ಅದಕ್ಕೇ ಈ ಪತ್ರ. ಸಮಾಧಾನವಾಗಿ ಬರೆಯಿರಿ ಅಂತ ಮನೆಯವಳು ಹೇಳಿದ್ದಾಳೆ. ನೋಡೋಣ.

ಕಾಮಾಕ್ಷಿಪಾಳ್ಯದಲ್ಲಿ ನನ್ನದು ಚಿಕ್ಕ ಮರಗೆಲಸದ ಶೆಡ್. ನಾನು, ಒಬ್ಬ ಹುಡುಗ, ಅಷ್ಟೇ. ಏಳು ತಿಂಗಳ ಹಿಂದೆ ನಿಮ್ಮ 2 ಎಚ್‌ಪಿ ಸಿಂಗಲ್ ಫೇಸ್ ಟೇಬಲ್ ಸಾ ತಂದೆ. ಬಿಲ್ 38,500 ರೂಪಾಯಿ, ವಾರಂಟಿ ಒಂದು ವರ್ಷ. ಬೆಳಿಗ್ಗೆ ಸರಿಯಾಗಿ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಕೊಯ್ದು, ನಿಲ್ಲಿಸಿ, ಮತ್ತೆ ಹಾಕಿದರೆ ಬರೀ ಗುಂಯ್. ಸ್ವಲ್ಪ ಹೊತ್ತಿಗೆ ಓವರ್‌ಲೋಡ್ ಟ್ರಿಪ್, ತಾನೇ ಕರೆಂಟ್ ಕಡಿದುಕೊಳ್ಳುತ್ತದೆ.

ಇಂಥ ಹೊತ್ತಿನಲ್ಲಿ ಮೊದಲು ವೋಲ್ಟೇಜ್, ಆಮೇಲೆ ಮೋಟಾರ್ ಸ್ಟಾರ್ಟ್ ಆಗಲು ಒದೆತ ಕೊಡುವ ಕೆಪಾಸಿಟರ್, ಆಮೇಲೆ ವೇಗ ಹಿಡಿದ ಕೂಡಲೇ ಆ ಒದೆತದ ಕರೆಂಟ್ ಕಡಿಯುವ ಸೆಂಟ್ರಿಫ್ಯೂಗಲ್ ಸ್ವಿಚ್ ನೋಡಬೇಕು ಅಂತ ನಿಮ್ಮ ಪುಸ್ತಕದ 14ನೇ ಪುಟದಲ್ಲೇ ಇದೆ. ನೀವು ಓದಿರುತ್ತೀರಿ. ನಾನೂ ಅದೇ ಕ್ರಮದಲ್ಲಿ ಹೋದೆ. ಪ್ಲಗ್ ಹತ್ತಿರ 228 ವೋಲ್ಟ್ ಇದೆ. ಅದೇ ಪಾಯಿಂಟಿನಲ್ಲಿ ನನ್ನ ಹಳೇ ಪ್ಲೇನರ್ ಆರಾಮಾಗಿ ಓಡುತ್ತದೆ. ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ ಮೀಟರ್ ಹಿಡಿದೆ. ಮೇಲೆ ಬರೆದಿರುವುದು 120 ಮೈಕ್ರೋಫ್ಯಾರಡ್, ತೋರಿಸಿದ್ದು 118. ಅದೂ ಸರಿಯಿದೆ. ಬೆಲ್ಟ್ ಬಿಚ್ಚಿ, ಪುಲ್ಲಿಗೆ ಹಗ್ಗ ಸುತ್ತಿ ಎಳೆದು ಬಿಟ್ಟು, ಬಟನ್ ಒತ್ತಿದೆ. ಮೋಟಾರ್ ನುಣ್ಣಗೆ ಓಡಿತು. ಅಂದರೆ ಮೋಟಾರ್ ಓಡಿಸುವ ತಂತಿ ಸುರುಳಿ (ರನ್ನಿಂಗ್ ವೈಂಡಿಂಗ್) ಚೆನ್ನಾಗಿದೆ, ಸ್ಟಾರ್ಟ್ ಮಾಡಿಸುವ ಸುರುಳಿಗೆ (ಸ್ಟಾರ್ಟಿಂಗ್ ವೈಂಡಿಂಗ್) ಕರೆಂಟ್ ಹೋಗುತ್ತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗುತ್ತೆ ಅಂದ ಮೇಲೆ ಅದೂ ಕಡಿದಿಲ್ಲ. ಉಳಿದದ್ದು ಸ್ವಿಚ್. ಮೋಟಾರ್ ವೇಗ ಹಿಡಿದಾಗ ಬಿಟ್ಟುಕೊಂಡದ್ದು ನಿಂತ ಮೇಲೆ ವಾಪಸ್ ಕೂಡುತ್ತಿಲ್ಲ. ಪಕ್ಕದ ರಸ್ತೆಯ ಮೋಟಾರ್ ರಿವೈಂಡಿಂಗ್ ಅಂಗಡಿಯವರು ಬರೀ ಸದ್ದು ಕೇಳಿ ಇದನ್ನೇ ಹೇಳಿದರು, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡದೆ. ಕವರ್ ನಾನೇ ಬಿಚ್ಚಬಹುದಿತ್ತು. ಬಿಚ್ಚಿದರೆ ವಾರಂಟಿ ಇಲ್ಲ ಅಂತ ನಿಮ್ಮ ಕಾರ್ಡಿನಲ್ಲಿದೆ. ಪಾಲಿಸಿದೆ. ನನ್ನದೇ ತಪ್ಪು.

40 ಕೆಜಿ ಮೀರಿದ ಯಂತ್ರವನ್ನು ಇದ್ದಲ್ಲಿಗೇ ಬಂದು ನೋಡಬೇಕು ಅಂತಲೂ ಅದೇ ಕಾರ್ಡಿನಲ್ಲಿದೆ. ಆದರೂ ಪೀಣ್ಯದ ನಿಮ್ಮ ಸರ್ವಿಸ್ ಸೆಂಟರಿಗೆ ತನ್ನಿ ಅಂದಿರಿ. ಗೂಡ್ಸ್ ಆಟೋಗೆ 900 ಕೊಟ್ಟು ತಂದೆ. ಟೋಕನ್ 17. ಒಂದೂವರೆ ಗಂಟೆ ಕಾದೆ. ಕೌಂಟರಿನ ಹುಡುಗ ಟ್ಯಾಬ್‌ನಿಂದ ಕಣ್ಣು ಎತ್ತದೆ ಕೇಳಿದ:

"ಅಂಕಲ್, ಪ್ಲಗ್ ಹಾಕಿದ್ರಾ?"

"ಹಾಕಿದ್ದೆ."

"ಮೇನ್ ಆನ್ ಇತ್ತಾ?"

"ಇತ್ತಪ್ಪ."

"ಹಸಿರು ಬಟನ್ ಒತ್ತಿದ್ರಾ, ಕೆಂಪು ಬಟನ್ ಒತ್ತಿದ್ರಾ?"

22 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಹಿಂದೆ ಡ್ರಿಲ್ ಹಿಡಿದು ನಿಂತವರೊಬ್ಬರು ಕಿಸಕ್ ಅಂದರು. ನಾನು ಮಾತಾಡಲಿಲ್ಲ. ಆತ ಎದ್ದು ಬಂದು ಪ್ಲಗ್ ಹಾಕಿ ಹಸಿರು ಬಟನ್ ಒತ್ತಿದ. ಹಾಳಾದ್ದು, ಒಂದೇ ಏಟಿಗೆ ಸ್ಟಾರ್ಟ್ ಆಯಿತು. "ನೋಡಿ ಅಂಕಲ್, ನಮ್ಮ ಕೈ ತಾಗಿದ್ರೆ ಸಾಕು" ಅಂದ. ಎಲ್ಲರೂ ನಕ್ಕರು. ನನ್ನ ಆಟೋದವನೂ ನಕ್ಕ.

ಬಿಸಿಯಾದ ಮೇಲೆ ನೋಡಬೇಕಪ್ಪ, ಅರ್ಧ ಗಂಟೆ ಓಡಿಸಿ ನಿಲ್ಲಿಸಿ ಮತ್ತೆ ಹಾಕು ಅಂದೆ. "ಕೊಯ್ಯೋಕೆ ಇಲ್ಲಿ ಮರ ಎಲ್ಲಿದೆ?" ಅಂದ. ಹೀಗೆ ಕೇಳಬಹುದು ಅಂತಲೇ ಎರಡು ಸಿಲ್ವರ್ ಓಕ್ ಹಲಗೆ ತಂದಿದ್ದೆ. ತೋರಿಸಿದೆ. ಹಲಗೆ ನೋಡಿದ, ನನ್ನ ಮುಖ ನೋಡಿದ. "ಸಿಸ್ಟಮ್‌ನಲ್ಲಿ ಆ ಆಪ್ಶನ್ ಇಲ್ಲ" ಅಂದ. ಜಾಬ್ ಶೀಟಿನಲ್ಲಿ "ದೋಷವಿಲ್ಲ, ಗ್ರಾಹಕರ ಕಡೆ ವೋಲ್ಟೇಜ್ ಸಮಸ್ಯೆ" ಅಂತ ಬರೆದು, ಪರೀಕ್ಷೆಗೆ ಜಿಎಸ್‌ಟಿ ಸೇರಿ 1,180 ರೂಪಾಯಿ ತಗೊಂಡ.

ಯಾಕೆ ಸ್ಟಾರ್ಟ್ ಆಯ್ತು ಅಂತ ನಾನು ಹೇಳಲಾ? ದಾರಿಯಲ್ಲಿ ಮೋಟಾರ್ ತಣ್ಣಗಾಗಿತ್ತು. ಜೊತೆಗೆ ಸುಮನಹಳ್ಳಿಯಿಂದ ಪೀಣ್ಯದವರೆಗೆ ಕುಲುಕಿದ ಕುಲುಕಾಟಕ್ಕೆ ಅಂಟಿಕೊಂಡ ಸ್ವಿಚ್ ಬಿಟ್ಟಿರಬೇಕು. ನಿಮ್ಮ ಮೆಕ್ಯಾನಿಕ್‌ಗಿಂತ ರಿಂಗ್ ರೋಡಿನ ಗುಂಡಿಗಳಿಗೆ ರಿಪೇರಿ ಚೆನ್ನಾಗಿ ಬರುತ್ತದೆ. ಅವು 1,180 ಕೇಳುವುದೂ ಇಲ್ಲ.

ಮಾರನೇ ದಿನ ಮಧ್ಯಾಹ್ನ ಮತ್ತೆ ಗುಂಯ್. ಫೋನ್ ಮಾಡಿದರೆ ನಿಮ್ಮ ಸೂಪರ್‌ವೈಸರ್, ಮರದ ಪುಡಿ ಒಳಗೆ ಹೋಗಿದೆ, ಅದು ವಾರಂಟಿಗೆ ಬರಲ್ಲ ಅಂದರು. ದೋಷವೇ ಇಲ್ಲದ ಯಂತ್ರದಲ್ಲಿ ಪುಡಿಯಿಂದ ದೋಷ ಹೇಗೆ ಬಂತು ಸ್ವಾಮಿ? ಮರ ಕೊಯ್ಯುವ ಯಂತ್ರದಲ್ಲಿ ಮರದ ಪುಡಿ ಬರದೆ ರಾಗಿ ಹಿಟ್ಟು ಬರುತ್ತದಾ?

15 ದಿನ ಕೊಡುತ್ತೇನೆ. ಶೆಡ್ಡಿಗೆ ಬಂದು ಸ್ವಿಚ್ ಬದಲಿಸಿ, 1,180 ಮತ್ತು ಆಟೋ ಬಾಡಿಗೆ ವಾಪಸ್ ಕೊಡಿ. ಗುಂಯ್ ಅನ್ನುವಾಗ ಮೋಟಾರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅಷ್ಟರಲ್ಲಿ ವೈಂಡಿಂಗ್ ಸುಟ್ಟರೆ ಅದೂ ನಿಮ್ಮ ಲೆಕ್ಕಕ್ಕೇ. ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ವ್ಯಾಪಾರಕ್ಕೆ ತಗೊಂಡ ಯಂತ್ರ ಅಂತ ಜಾರಿಕೊಳ್ಳಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದಕ್ಕೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಯಂತ್ರ ನಿಂತಿರುವುದರಿಂದ ನನಗೆ ಈಗ ಪುರುಸೊತ್ತೂ ಜಾಸ್ತಿ.

ಆ ಎರಡು ಹಲಗೆ ಹಾಗೇ ಇಟ್ಟಿದ್ದೇನೆ. ಆಯೋಗದ ಮುಂದೆ ನಿಮ್ಮ ಕೌಂಟರಿನ ಹುಡುಗನೇ ಬಂದು ಅರ್ಧ ಗಂಟೆ ಕೊಯ್ಯಲಿ. ಹಸಿರು ಬಟನ್ ಯಾವುದು ಅಂತ ನಾನು ತೋರಿಸುತ್ತೇನೆ.

ಇತಿ,
ಟೋಕನ್ 17